ಎರಡು ಕೈ ಬೇಡುವ ರಿವಾಲ್ವರು

ನಮ್ಮ ತಾಲ್ಲೂಕಿನಲ್ಲಿ ಆಯುಧಗಳ ಪರವಾನಗಿ ನೋಡಿಕೊಳ್ಳುವ ಅಧಿಕಾರಿಗಳು ನನ್ನ ತಂದೆಗೆ ಮೋಸ ಮಾಡಿದ್ದಾರೆ. ಇದಕ್ಕಿಂತ ಮೆತ್ತಗಿನ ಮಾತು ನನಗೆ ಸಿಗಲಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೋ ಎಂದವರು ಅವರು. ಯಾಕೆ ಇದನ್ನೇ ಆರಿಸಿದೆ ಎಂದು ಕೇಳಿ, ಉತ್ತರಕ್ಕೆ ನಕ್ಕು, ಒಪ್ಪಿ, ಮುದ್ರೆ ಒತ್ತಿದವರು ಅವರು. ಆ ಉತ್ತರವನ್ನೇ ಅಪರಾಧವೆಂದು ಕರೆದು, ಉಳಿದಿದ್ದ ಒಂದನ್ನೂ ಎತ್ತಿಕೊಂಡು ಹೋದವರೂ ಅವರೇ. ಅದರ ಜೊತೆಗೆ ನಮ್ಮ ಮನೆಯಿಂದ ಇನ್ನೇನು ಹೋಯಿತೆಂಬುದು ಅವರಿಗೆ ತಿಳಿದಿರಲಾರದು. ತಿಳಿಯಲೆಂದು ಬರೆಯುತ್ತಿದ್ದೇನೆ.

ಅರಕಲಗೂಡಿನಿಂದ ರಾಮನಾಥಪುರಕ್ಕೆ ಹೋಗುವ ರಸ್ತೆಯಿಂದ ಒಳಗೆ, ಊರಿಗೆ ಸ್ವಲ್ಪ ದೂರವಾಗಿ, ನಮ್ಮ ಹೊಲ ಮನೆಗಳಿವೆ. ಹಿಂದೆ ಕಲ್ಲುಗುಡ್ಡ. ಗುಡ್ಡದ ಚಿರತೆಗೆ ನಮ್ಮ ಕೊಟ್ಟಿಗೆಯ ದಾರಿ ಚೆನ್ನಾಗಿ ಗೊತ್ತು. ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದಾಗ ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಉದ್ದ ಕೋವಿಯನ್ನು ಹೆಗಲಿಗೇರಿಸಲು ಆಗದಂತಾದ ಮೇಲೆ ಮನೆಯ ಕಾವಲಿಗೆ ಉಳಿದದ್ದು ಎರಡು ರಿವಾಲ್ವರುಗಳು. ಯಾವುದನ್ನಾದರೂ ಎಡಗೈಯಲ್ಲೇ ಎತ್ತಿ ಹಾರಿಸಬಹುದಿತ್ತು. ಚಿರತೆಯನ್ನು ಕೊಲ್ಲುವ ಆಸೆ ಅಪ್ಪನಿಗೆ ಇರಲಿಲ್ಲ. ಆಕಾಶಕ್ಕೊಂದು ಸದ್ದು ಮಾಡಿ, "ಓಗಪ್ಪ, ಬೇರೆ ಮನೆ ನೋಡ್ಕೊ" ಎಂದು ಅದಕ್ಕೆ ಬುದ್ಧಿ ಹೇಳುತ್ತಿದ್ದರು.

ಎರಡರಲ್ಲಿ ಹಳೆಯದು ಕೇಪಿನದು. ಸಕಲೇಶಪುರದ ಕಡೆಯ ಕಾಫಿ ತೋಟಕ್ಕೆ ಗಾಡಿ ಹೊಡೆಯುತ್ತಿದ್ದ ಅಜ್ಜನಿಗೆ ಅಲ್ಲಿಯ ದೊರೆಯೊಬ್ಬ ಕೊಟ್ಟದ್ದು. ತಿರುಗುವ ಉರುಳೆಯ ಒಂದೊಂದು ಗೂಡಿಗೂ ಕರಿಮದ್ದು ಸುರಿಯಬೇಕು, ಮೇಲೆ ಸೀಸದ ಗುಂಡಿಟ್ಟು ನಳಿಗೆಯ ಕೆಳಗಿನ ಕಡ್ಡಿಯಿಂದ ಒತ್ತಬೇಕು, ಒಂದು ಗೂಡಿನ ಕಿಡಿ ಪಕ್ಕದ ಗೂಡಿಗೆ ಹಾರದಂತೆ ಗುಂಡಿನ ಮೇಲೆ ಮೇಣ ಸವರಬೇಕು, ಕೊನೆಗೆ ಹಿಂಬದಿಯ ಮೊಳೆಗಳಿಗೆ, ಬಡಿದರೆ ಕಿಡಿ ಕಾರುವ, ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪಗಿರುವ ತಾಮ್ರದ ಕೇಪುಗಳನ್ನು ತೊಡಿಸಬೇಕು. ಇನ್ನೊಂದು ತೋಟೆಯದು. ಅಪ್ಪ ಒಬ್ಬ ನಿವೃತ್ತ ಸುಬೇದಾರರಿಂದ ಕೊಂಡದ್ದು. ಅದರ ಮಗ್ಗುಲಲ್ಲಿ ಪುಟ್ಟದೊಂದು ಬಾಗಿಲು. ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಬಾಗಿಲು ತೆರೆದು, ಮದ್ದು ಗುಂಡು ಎರಡೂ ಒಳಗೇ ಇರುವ ಹಿತ್ತಾಳೆಯ ತೋಟೆಗಳನ್ನು ಒಂದೊಂದಾಗಿ ತೂರಿಸಿದರೆ ಮುಗಿಯಿತು. ಒಂದೇ ಕೈ ಸಾಕು.

ಎರಡನೆಯ ಮಹಾಯುದ್ಧದ ನಡುವೆ ಕಚೇರಿಯಿಂದ ಅಪ್ಪಣೆ ಬಂತು: ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಒಪ್ಪಿಸತಕ್ಕದ್ದು. ನಾನು ರಜೆಗೆ ಬಂದಿದ್ದೆ. ಕಲಿತ ತರ್ಕವನ್ನೆಲ್ಲ ಬಳಸಿ ತೋಟೆಯದನ್ನೇ ಉಳಿಸಿಕೊಳ್ಳಬೇಕೆಂದು ವಾದಿಸಿದೆ. ಅವ್ವನೂ ನನ್ನ ಪಕ್ಷ.

"ಕೇಪಿನದ್ನ ಇಟ್ಕೊಳಾನ," ಎಂದರು ಅಪ್ಪ. "ಆಸನದ ಪ್ಯಾಟೆ ಅಂಗಡೀಲಿ ತೋಟೆ ಕೇಳುದ್ರೆ ಇಲ್ಲ, ಯುದ್ದ ಯುದ್ದ ಅಂತಾನೆ. ಕೇಪಾದ್ರೆ ನಮ್ಮಪ್ಪ ಡಬ್ಬಿಗಟ್ಲೆ ಮಡಗೋಗವ್ನೆ. ಮದ್ದು ನಿನ್ನ ತವ್ರಲ್ಲೇ ಸಿಕ್ತದೆ."

ಅವ್ವನ ತವರು ಚನ್ನರಾಯಪಟ್ಟಣ. ಬಾಣಬಿರುಸು ಮಾಡುವವರ ಮನೆಗಳು ಅವರ ಬೀದಿಯ ಹಿಂದೆಯೇ ಇದ್ದವು.

"ತುಂಬಾಕೆ ಎರಡು ಕೈ ಬೇಕು," ಎಂದಳು ಅವ್ವ. "ನಿಮ್ಗೆಲ್ಲಿ ಅವೆ ಎರಡು?"

"ಧಾರೆ ಎರ್ವಾಗ ನಿಮ್ಮಪ್ಪ ನಿನ್ ಕೈ ಎರಡೂ ಕೊಟ್ಟವ್ನೆ ಕಣಮ್ಮಿ."

"ಸುಮ್ಕಿರಿ! ಓದಿರೋ ಮಗಳ ಮುಂದೆ ಆಡೋ ಮಾತಾ ಇದು?" ಎಂದು ಗದರಿ ಅವ್ವ ಒಳಗೆ ಹೋದಳು. ಒಲೆಯ ಮುಂದೆ ಕೂತವಳು ಬಹಳ ಹೊತ್ತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಅವಳು ತೋಟೆಯದಕ್ಕೆ ಹಟ ಹಿಡಿದದ್ದು, ಗಂಡ ಯಾರ ಮುಂದೆಯೂ ಕೈ ಚಾಚದಿರಲಿ ಎಂದು. ಗಂಡ ಕೇಪಿನದಕ್ಕೆ ಹಟ ಹಿಡಿದದ್ದು, ಅವಳ ಮುಂದೆ ಚಾಚಲು ತನಗೆ ನಾಚಿಕೆಯಿಲ್ಲವೆಂದು ಹೇಳಲು.

ಒಪ್ಪಿಸಲು ಹೋದಾಗ ನಾನು ಜೊತೆಗಿದ್ದೆ. ಮೇಜಿನ ಹಿಂದಿದ್ದ ಅಧಿಕಾರಿಗಳು ಎರಡನ್ನೂ ತಿರುಗಿಸಿ ನೋಡಿ ಹುಬ್ಬೇರಿಸಿದರು.

"ಏನ್ ಗೌಡ್ರೆ, ಒಳ್ಳೇದನ್ನ ಕೊಟ್ಟು ಅಜ್ಜನ ಕಾಲದ್ದನ್ನ ಇಟ್ಕೊಳ್ತೀರಲ್ಲ? ಇದನ್ನ ಒಂದು ಕೈಯಲ್ಲಿ ಹೇಗೆ ತುಂಬ್ತೀರಿ?"

"ನಾನೆಲ್ಲಿ ತುಂಬ್ತೀನಿ ಸಾ? ತುಂಬೋದು ನಮ್ಮನೆಯವಳು. ಡಂ ಅನ್ಸೋದಷ್ಟೇ ನಾನು."

"ಹಾಗಾದರೆ ನಿಮ್ಮನೆಯಲ್ಲಿ ಸೇನಾಧಿಪತಿ ಯಾರೂಂತ ಗೊತ್ತಾಯ್ತು ಬಿಡಿ!" ಎಂದು ಅವರು ನಕ್ಕರು. ಸುತ್ತಲಿದ್ದವರೂ ನಕ್ಕರು. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು. ಮುದ್ರೆ ಬಿತ್ತು.

ಅಲ್ಲಿಂದ ನಮ್ಮ ಮನೆಯ ಸೋಮವಾರಗಳು ಶುರುವಾದವು. ಮದ್ದು ಥಂಡಿ ಹಿಡಿಯುತ್ತದೆಂದು ವಾರಕ್ಕೊಮ್ಮೆ ಹಳೆಯದನ್ನು ಗುಡ್ಡದ ಕಡೆಗೆ ಹಾರಿಸಿ, ತೊಳೆದು ಒರೆಸಿ, ಹೊಸದು ತುಂಬುತ್ತಿದ್ದರು. ಬೆಳಗಿನ ಕೆಲಸ ಮುಗಿದ ಮೇಲೆ ಇಬ್ಬರೂ ಜಗುಲಿಯಲ್ಲಿ ಎದುರುಬದುರಾಗಿ ಕೂರುವರು. ಅಪ್ಪ ಎಡಗೈಯಲ್ಲಿ ನಳಿಗೆಯನ್ನು ಮೇಲ್ಮುಖವಾಗಿ ಹಿಡಿಯುವರು. ಅವ್ವ ಮದ್ದು ಸುರಿದು, ಗುಂಡು ಒತ್ತಿ, ಮೇಣ ಸವರುವಳು. ಜೇನುಮೇಣಕ್ಕೆ ಹರಳೆಣ್ಣೆ ಬೆರೆಸಿ ಕಾಯಿಸಿದ ಆ ಮುಲಾಮನ್ನೇ ಅವಳು ಅಪ್ಪನ ಒಡೆದ ಹಿಮ್ಮಡಿಗೂ ಹಚ್ಚುತ್ತಿದ್ದಳು. ಗುಂಡುಗಳಿಗೆ ಸವರಿ ಉಳಿದದ್ದು ಅಲ್ಲೇ ಕಾಲಿಗೆ ಹೋಗುತ್ತಿತ್ತು.

ಕೇಪುಗಳನ್ನು ಇಡಲು ಅವಳು ಬಟ್ಟಲು ತರಲಿಲ್ಲ. ಅಪ್ಪನ ಬಿದ್ದ ಬಲಗೈಯನ್ನು ಎತ್ತಿ ಅವರ ತೊಡೆಯ ಮೇಲೆ ಅಂಗಾತ ಇಟ್ಟು, ಅಂಗೈಯೊಳಗೆ ಕೇಪುಗಳನ್ನು ಸುರಿಯುತ್ತಿದ್ದಳು. "ಸುಮ್ಕೆ ಕೂತು ಕೂಳು ತಿನ್ತೈತೆ, ಇಷ್ಟಾದ್ರೂ ಮಾಡ್ಲಿ," ಎಂದು ಆ ಕೈಯನ್ನು ಬೈಯುವಳು. ಅವಳು ಒಂದೊಂದಾಗಿ ಆರಿಸುವಾಗ ಅಂಗೈಗೆ ಕಚಗುಳಿಯಾಗುತ್ತದೆಂದು ಅಪ್ಪ ನಗುವರು. ಆ ಕೈಗೆ ಮುಟ್ಟಿದ ಅರಿವೇ ಇರಲಿಲ್ಲವೆಂದು ನಮಗೆಲ್ಲ ಗೊತ್ತಿತ್ತು.

ಆ ಕೈಗೆ ತಿಕ್ಕುತ್ತಿದ್ದ ಹೊಳೆನರಸೀಪುರದ ಪಂಡಿತರ ಎಣ್ಣೆಯಿಂದಲೋ, ಈ ಸೋಮವಾರಗಳಿಂದಲೋ ನಾನು ಹೇಳಲಾರೆ. ಮುಂದಿನ ಬೇಸಿಗೆಗೆ ನಾನು ಬಂದಾಗ ಅವರು ಜಗುಲಿಯಲ್ಲಿ ಜಗಳವಾಡುತ್ತಿದ್ದರು.

"ಮುಟ್ಬೇಡ. ನಾನೇ ಕೊಡ್ತೀನಿ."

"ಬಿಸ್ಲು ಇಳೀತದೆ ನೀವು ಕೊಡೋ ಹೊತ್ಗೆ."

"ಇಳೀಲಿ. ನಿಂಗೇನು ದಂಡಿಗೋಗೋದಿತ್ತಾ?"

ಅಪ್ಪನ ಬಲಗೈಯ ಹೆಬ್ಬೆರಳೂ ತೋರುಬೆರಳೂ ಅಂಗೈಯಲ್ಲಿದ್ದ ಕೇಪುಗಳ ಮೇಲೆ ಕುರುಡರಂತೆ ತಡವರಿಸುತ್ತಿದ್ದವು. ಒಂದು ಜಾರಿತು, ಇನ್ನೊಂದು ಉರುಳಿ ಜಗುಲಿಯ ಸಂದಿಗೆ ಬಿತ್ತು. ಮೂರನೆಯದು ಬೆರಳುಗಳ ನಡುವೆ ನಿಂತಿತು. ಅಪ್ಪ ಅದನ್ನು ಎತ್ತಿ ಹಿಡಿದರು. ಅವ್ವ ಅದನ್ನು ಪ್ರಸಾದ ಹಿಡಿಯುವವಳಂತೆ ಎರಡೂ ಕೈ ಒಡ್ಡಿ ತೆಗೆದುಕೊಂಡಳು. ಆಮೇಲೆ ಅಪ್ಪನಿಗೆ ಕಾಣದಂತೆ ನನ್ನ ಕಡೆ ತಿರುಗಿದಳು. ಆ ಮುಖವನ್ನು ನಾನು ಇಂದಿಗೂ ಮರೆತಿಲ್ಲ.

ಆ ರಜೆಯ ಅಂಥದೇ ಒಂದು ಸೋಮವಾರ, ಅವ್ವನ ಕೈಯಲ್ಲಿ ಕಡ್ಡಿ, ಅಪ್ಪನ ಅಂಗೈಯಲ್ಲಿ ಕೇಪು ಇರುವಾಗಲೇ, ತಪಾಸಣೆಗೆಂದು ಅದೇ ಅಧಿಕಾರಿಗಳು ಮೋಟಾರಿನಲ್ಲಿ ಬಂದಿಳಿದರು.

"ಲೈಸೆನ್ಸು ಯಾರ ಹೆಸರಿನಲ್ಲಿದೆ?"

"ನನ್ನೆಸ್ರಲ್ಲೈತೆ ಸಾ. ತಮ್ಗೆ ಗೊತ್ತಲ್ಲ."

"ಹಾಗಾದರೆ ಈಯಮ್ಮ ಯಾಕೆ ಮುಟ್ಟಿದ್ದಾರೆ?"

"ನನ್ನೆಂಡ್ತಿ ಸಾ."

"ಲೈಸೆನ್ಸಿನಲ್ಲಿ ಇವರ ಹೆಸರಿದೆಯೇ?"

ಅವ್ವ ಸೆರಗು ಸರಿಮಾಡಿಕೊಂಡು, "ಲಗ್ನಪತ್ರಿಕೇಲಿ ಐತೆ ಸ್ವಾಮಿ. ಅದ್ನೇ ತರ್ಲಾ?" ಎಂದಳು.

ಈ ಸಲ ಅವರು ನಗಲಿಲ್ಲ. ಪರವಾನಗಿಯಿಲ್ಲದವರ ಕೈಯಲ್ಲಿ ಆಯುಧ ಸಿಕ್ಕಿತೆಂದು ರಿವಾಲ್ವರನ್ನೂ ಕೇಪಿನ ಡಬ್ಬಿಗಳನ್ನೂ ಮೋಟಾರಿಗೆ ಹಾಕಿಸಿದರು. "ಅಂದು ಕಚೇರಿಯಲ್ಲಿ ನಮ್ಮಪ್ಪ ಇದನ್ನೇ ತಾನೆ ನಿಮಗೆ ಹೇಳಿದ್ದು?" ಎಂದು ನಾನು ಕೇಳಿದೆ. "ಓದಿದ ಹುಡುಗಿ ನೀನು. ಕಾನೂನು ನಿನಗೆ ನಾನು ಹೇಳಿಕೊಡಬೇಕೇ?" ಎಂಬ ಉತ್ತರ ಬಂತು. ಅಪ್ಪ ಎದ್ದು ನಿಲ್ಲಲು ಹೋದಾಗ ಅಂಗೈಯಲ್ಲಿದ್ದ ಕೇಪುಗಳು ನೆಲಕ್ಕೆ ಚೆಲ್ಲಿದವು. ಪೇದೆಯೊಬ್ಬ ಅವನ್ನೂ ಆಯ್ದುಕೊಂಡ.

ಚಿರತೆ ಈಗಲೂ ಬರುತ್ತದೆ. ತಗಡು ಬಡಿದು ಓಡಿಸುತ್ತೇವೆ. ಸೋಮವಾರಗಳಿಗೆ ಮಾತ್ರ ಬದಲು ಸಿಕ್ಕಿಲ್ಲ. ಅವ್ವ ಅಪ್ಪನ ಅಂಗೈಗೆ ಹೆಸರುಕಾಳು ಹಾಕಿ ನೋಡಿದಳು, ಹುಣಸೆಬೀಜ ಹಾಕಿ ನೋಡಿದಳು. "ನಾನೇನು ಮಗಿನಾ, ಆಟ ಆಡ್ಸಾಕೆ?" ಎಂದು ಅಪ್ಪ ಕೈ ಒಳಗೆಳೆದುಕೊಂಡರು. ಕೇಪು ಕೊಡುವಾಗ ಅವರು ಮನೆ ಕಾಯುತ್ತಿದ್ದರು. ಬೀಜ ಎಣಿಸುವಾಗ ರೋಗಿಯಾಗುತ್ತಿದ್ದರು. ಒಂದು ವರ್ಷ ಕಳೆಯುವುದರೊಳಗೆ ಆ ಎರಡು ಬೆರಳುಗಳು ಮತ್ತೆ ಮಡಚಿಕೊಂಡವು.

ಯುದ್ಧ ಮುಗಿಯಿತು, ಸರ್ಕಾರವೂ ಬದಲಾಯಿತು. ನಾವು ಕೊಟ್ಟ ಅರ್ಜಿಗಳಿಗೆ ಉತ್ತರವಿಲ್ಲ. ಆದ್ದರಿಂದ ಸಂಬಂಧಪಟ್ಟ ಅಧಿಕಾರಿಗಳನ್ನು ಈ ಮೂಲಕ ವಿಧ್ಯುಕ್ತವಾಗಿ ಕೇಳುತ್ತೇನೆ. ತುಂಬುವವಳು ಹೆಂಡತಿ ಎಂದು ತಿಳಿದೂ ಪರವಾನಗಿ ಮುಂದುವರಿಸಿದ್ದು ಸರಿಯಾದರೆ, ಅದೇ ಕಾರಣಕ್ಕೆ ರಿವಾಲ್ವರನ್ನು ಜಪ್ತಿ ಮಾಡಿದ್ದು ಹೇಗೆ ಸರಿ? ಎರಡೂ ಸರಿಯೆನ್ನುವುದಾದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು. ತಪ್ಪಾಗಿದೆಯೆನ್ನುವುದಾದರೆ ಕೇಪಿನ ರಿವಾಲ್ವರನ್ನೂ ಡಬ್ಬಿಗಳನ್ನೂ ನಮ್ಮ ಜಗುಲಿಗೆ ಹಿಂದಿರುಗಿಸಬೇಕು. ಪರವಾನಗಿಯಲ್ಲಿ ನನ್ನ ತಂದೆಯ ಹೆಸರಿನ ಪಕ್ಕದಲ್ಲಿ ನನ್ನ ತಾಯಿಯ ಹೆಸರನ್ನೂ ಬರೆಯಬೇಕೆಂದು ಕೋರುತ್ತೇನೆ.