ತಿರುಮಲೇಶ ಕಡಿದ ಕಾಯಿ

ಮುಂಬಯಿಯ ಮಾಟುಂಗ ಸ್ಟೇಷನ್ನಿನ ಎದುರು ಖೊದಾದಾದ್ ಸೇಠ ಎಂಬ ಇರಾನಿ ಮುದುಕನ ಚಹಾದಂಗಡಿ. ರೈಲ್ವೆ ಕಚೇರಿಯ ಗುಮಾಸ್ತ, ಮೈಸೂರಿನ ತಿರುಮಲೇಶ ಸಂಜೆ ಲೋಕಲ್ಲಿನಿಂದ ಇಳಿದವನೇ ನೇರ ಅಲ್ಲಿಗೆ ಹೋಗುತ್ತಿದ್ದ. ಮೊಟ್ಟೆ ಬೇಯಿಸುವ ಅಂಗಡಿಯಾದ್ದರಿಂದ ಹೆಂಡತಿ ಶಾಮಲಾಗೆ ಹೇಳಿರಲಿಲ್ಲ. ಅವನನ್ನು ಅಲ್ಲಿಗೆ ಎಳೆಯುತ್ತಿದ್ದದ್ದು ಬ್ಯಾಕ್‌ಗ್ಯಾಮನ್.

ಪಗಡೆಯಂಥ ಆಟ; ಎರಡು ದಾಳ, ಒಬ್ಬೊಬ್ಬರಿಗೆ ಹದಿನೈದು ಕಾಯಿ. ಎಲ್ಲವನ್ನೂ ತನ್ನ ಅಂಕಣಕ್ಕೆ ತಂದು ಮೊದಲು ಹೊರಗೆ ತೆಗೆದವನು ಗೆದ್ದ. ಒಂಟಿ ಕಾಯಿಯನ್ನು ಎದುರಾಳಿ ಹೊಡೆಯಬಹುದು, ಜೋಡಿಯನ್ನು ಮುಟ್ಟುವಂತಿಲ್ಲ. ಏಟು ತಿಂದ ಕಾಯಿ ಹೊರಹೋಗಿ, ಹೊಡೆದವನ ಅಂಕಣದಿಂದಲೇ ಮತ್ತೆ ಹೊರಡಬೇಕು. ಜೋಡಿ ಕಟ್ಟುವುದು, ಸಾಲಾಗಿ ಮನೆ ಹಿಡಿದು ದಾರಿ ಮುಚ್ಚುವುದು, ಇವನ್ನೆಲ್ಲ ಸೇಠ ಎರಡು ವರ್ಷ ತಾಳ್ಮೆಯಿಂದ ಕಲಿಸಿದ್ದ. ಮುಂದಿದ್ದಾಗ ಓಡಬೇಕು, ಹೊಡೆದಾಟಕ್ಕೆ ನಿಲ್ಲಬಾರದು ಎಂಬುದನ್ನಂತೂ ದಿನವೂ ಹೇಳುತ್ತಿದ್ದ. “ಆಗೆ ಹೈ ತೋ ಭಾಗ್, ತಿರುಮಲ್.” ಸೇಠ ಕಲಿಸಿದವರು ಸೋಲುವುದಿಲ್ಲವೆಂದು ಆ ಬೀದಿಯಲ್ಲಿ ಹೆಸರಿತ್ತು. ಮುದುಕನಿಗೆ ಉಳಿದಿದ್ದ ಹೆಮ್ಮೆ ಅದೊಂದೇ.

೧೯೫೫ರ ಒಂದು ಶನಿವಾರ, ಆ ಹೆಸರನ್ನು ಪರೀಕ್ಷಿಸಲೆಂದೇ ಪಾರ್ಲೆಯ ಹೋಟೆಲ್ ಮ್ಯಾನೇಜರು ರಮಾನಾಥ ಬಂದ. ಸೇಠ ತನ್ನ ಪರವಾಗಿ ತಿರುಮಲೇಶನನ್ನು ಕೂರಿಸಿದ.

ಆಟ ತಿರುಮಲೇಶನ ಕೈಯಲ್ಲೇ ಇತ್ತು. ಅವನ ಕಾಯಿಗಳೆಲ್ಲ ಅಂಕಣ ಸೇರಿದ್ದವು, ಒಂದೂ ಒಂಟಿಯಿರಲಿಲ್ಲ. ರಮಾನಾಥನ ಒಂದೇ ಒಂದು ಕಾಯಿ ಅಲ್ಲಿ ಹಿಂದುಳಿದಿತ್ತು. ಆಗ ತಿರುಮಲೇಶನಿಗೆ ತಾನು ಇನ್ನೂ ಒಂದೂ ಕಾಯಿ ಕಡಿದಿಲ್ಲವೆಂದು ಹೊಳೆಯಿತು. ಅಕ್ಕಂದಿರೊಡನೆ ಚೌಕಾಬಾರ ಆಡಿ ಬೆಳೆದವನು. ಅದರಲ್ಲಿ ಎದುರಾಳಿಯ ಒಂದಾದರೂ ಕಾಯಿ ಕಡಿಯದೆ ಒಳಮನೆಗೆ ಕಾಲಿಡುವಂತಿಲ್ಲ. ಇಲ್ಲಿ ಆ ನಿಯಮವಿಲ್ಲವೆಂದು ಯೋಚಿಸುವಷ್ಟರಲ್ಲಿ ಕೈ ತನ್ನದೇ ಜೋಡಿಯನ್ನು ಒಡೆದು ರಮಾನಾಥನ ಕಾಯಿಯನ್ನು ಹೊಡೆದಾಗಿತ್ತು. ಮರುದಾಳದಲ್ಲೇ ರಮಾನಾಥ ಒಳಬಂದು ತಿರುಮಲೇಶನ ಒಂಟಿಯಾದ ಕಾಯಿಯನ್ನು ಹೊಡೆದ. ಅದು ಮತ್ತೆ ಮೊದಲಿನಿಂದ ಬರಬೇಕು, ದಾರಿಯಲ್ಲಿ ರಮಾನಾಥನ ಜೋಡಿಗಳು ಅಡ್ಡ ನಿಂತಿದ್ದವು. ತಿರುಮಲೇಶ ಸೋತ.

“ಓಡುವುದು ಬಿಟ್ಟು ಕಡಿಯಲಿಕ್ಕೆ ಹೋದ್ರಲ್ಲ ಮಾರಾಯ್ರೆ,” ಎಂದ ರಮಾನಾಥ. “ಯಾರು ಕಲಿಸಿದ್ದು ನಿಮಗೆ?”

ಸುತ್ತ ಹತ್ತು ಜನ ನೋಡುತ್ತಿದ್ದರು. ಸೇಠ ಕಲಿಸಿದ್ದೇ ಹೀಗೆಂದು ತಿರುಮಲೇಶನ ಬಾಯಿಂದ ಬಂದುಬಿಟ್ಟಿತು: “ಸೇಠ್ ನೇ ಐಸಾ ಹೀ ಸಿಖಾಯಾ.”

ಜನ ನಕ್ಕರು. ಲೋಟ ಒರೆಸುತ್ತಿದ್ದ ಸೇಠ ಒಮ್ಮೆ ತಲೆಯೆತ್ತಿ ಅವನನ್ನು ನೋಡಿದ. “ಹಾಂ, ಮೇರೀ ಗಲತೀ,” ಎಂದು ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಮತ್ತೆ ಒರೆಸತೊಡಗಿದ.

ಒಂದು ವಾರ ತಿರುಮಲೇಶ ಸ್ಟೇಷನ್ನಿನ ಇನ್ನೊಂದು ಬದಿಯಿಂದ ಇಳಿದು ಸುತ್ತಿ ಮನೆ ಸೇರಿದ. ಮುದುಕನಿಗೆ ಆಟ ಮರೆತುಹೋಗಿದೆ ಎಂದು ಪ್ಲಾಟ್‌ಫಾರ್ಮಿನಲ್ಲಿ ಯಾರೋ ಆಡಿಕೊಂಡದ್ದು ಕೇಳಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ. ಮುಂದಿನ ಶನಿವಾರ ಅದೇ ಜನರ ನಡುವೆ ಹೋಗಿ ನಿಂತ. ರಮಾನಾಥನೂ ಇನ್ನೊಂದಾಟಕ್ಕೆ ಬಂದಿದ್ದ.

“ಸೇಠ್ ಹಾಗೆ ಕಲಿಸಿರಲಿಲ್ಲ ಕಣ್ರೀ,” ಎಂದ ರಮಾನಾಥನಿಗೆ. “ನಾನು ಸುಳ್ಳು ಹೇಳಿದೆ.” ಅದನ್ನೇ ತನ್ನ ಹರಕುಮುರುಕು ಹಿಂದಿಯಲ್ಲಿ ಉಳಿದವರಿಗೂ ಹೇಳಿದ.

ಈ ಸಲ ಯಾರೂ ನಗಲಿಲ್ಲ. ಸೇಠ ಅವನ ಮುಂದೆ ಚಹಾ ಇಟ್ಟ. “ಬೈಠ್. ದೋ ಮಹೀನಾ ಸಿರ್ಫ್ ದೇಖ್.”

ತಿರುಮಲೇಶ ಎರಡು ತಿಂಗಳು ತಾನು ಆಡದೆ ಬೇರೆಯವರ ಆಟ ನೋಡುತ್ತ ಕೂತ. ಮುಂದಿದ್ದವನು ಯಾರನ್ನೂ ಹೊಡೆಯದೆ ಸುಮ್ಮನೆ ಓಡಿ ಗೆದ್ದಾಗಲೆಲ್ಲ ಅವನ ಕಿವಿ ಬಿಸಿಯಾಗುತ್ತಿತ್ತು.