ಕದಲದ ತರ್ಬಗ

ನಮ್ಮ ಕಣಿವೆಯ ಪುರೆವ್‌ನಷ್ಟು ಜಂಬದ ಬೇಟೆಗಾರನನ್ನು ನಾನು ಕಂಡಿಲ್ಲ. ಬಿಳಿ ಅಂಗಿ, ಉದ್ದ ಕಿವಿಯ ಟೋಪಿ ತೊಟ್ಟು, ಚಮರಿಯ ಬಾಲ ಬೀಸಿಕೊಂಡು ಹುಲ್ಲಿನಲ್ಲಿ ಕುಣಿಯುತ್ತಲೇ ತರ್ಬಗದ ಹತ್ತಿರ ಹೋಗುತ್ತಿದ್ದ. ತರ್ಬಗವೆಂದರೆ ನೆಲದೊಳಗೆ ಸಂಸಾರ ಹೂಡುವ ದಪ್ಪ ಅಳಿಲು. ಒಣಹುಲ್ಲಿನ ಬಣ್ಣ, ಕಪ್ಪು ನೆತ್ತಿ. ಬೇಸಿಗೆಯಲ್ಲಿ ತಿಂದು ಕೊಬ್ಬುತ್ತದೆ. ಚಳಿಗಾಲ ಪೂರ್ತಿ ಮನೆಮಂದಿಯೆಲ್ಲ ಮೈಗೆ ಮೈ ಒತ್ತಿ ಮಲಗಿಬಿಡುತ್ತವೆ. ವಿಪರೀತ ಕುತೂಹಲ ಅದಕ್ಕೆ. ಕುಣಿಯುವವನನ್ನು ಕಂಡರೆ ಬಿಲದ ಬಾಯಲ್ಲಿ ಎರಡು ಕಾಲ ಮೇಲೆ ನಿಂತು, ಬಾಲ ಅಲ್ಲಾಡಿಸಿ ಕಿರುಚುತ್ತಾ ನೋಡುತ್ತದೆ. ಗುಂಡು ಹೊಡೆಯುವುದು ಆಗಲೇ. ಕಿರುಚದೆ, ಕದಲದೆ ಕೂತದ್ದನ್ನು ಮಾತ್ರ ನಮ್ಮಲ್ಲಿ ಯಾರೂ ಹೊಡೆಯುವುದಿಲ್ಲ. ಅದಕ್ಕೆ ಪ್ಲೇಗ್ ಇರಬಹುದು.

ಹುಲ್ಲು ಹಳದಿಯಾಗುವ ಹೊತ್ತಿಗೆ ಅವನೊಂದು ಭಾರಿ ತರ್ಬಗ ಹೊತ್ತು ತಂದ. "ಅಕ್ಕಾ, ನನ್ನ ಕುಣಿತ ನೋಡ್ತಾ ಮೈಮರೆತುಬಿಟ್ಟಿತ್ತು!"

ಅವನ ಹೆಂಡತಿ ಯಾಂಜ್ಮಾ ಚರ್ಮ ಸುಲಿಯುವಾಗ ಚಾಕು ಜಾರಿ ಹೆಬ್ಬೆರಳು ಕೊಯ್ದುಕೊಂಡಳು. ಪಕ್ಕದಲ್ಲೇ ಇದ್ದ ನನಗೆ ಪ್ರಾಣಿಯ ಕಂಕುಳಲ್ಲಿ ಗಂಟು ಕಂಡಿತು. ಪ್ಲೇಗಿನ ಗುರುತೇ ಅದು.

"ಏನೋ, ಇದು ಕಿರುಚಿತ್ತೇನೋ?"

"ಕಿವಿ ಕಿತ್ತುಹೋಗೋ ಹಾಗೆ!" ಎಂದ. ನನ್ನ ಮುಖ ಮಾತ್ರ ನೋಡಲಿಲ್ಲ.

ಬೈದು ಮಾಂಸವನ್ನೆಲ್ಲ ಸುಟ್ಟು ಬೂದಿ ಮಾಡಿಸಿದೆ. ಆದರೂ ಕೆಲವೇ ದಿನಕ್ಕೆ ಯಾಂಜ್ಮಾಳಿಗೆ ಕೆಂಡದಂಥ ಜ್ವರ ಬಂತು. ಕೈ ಎತ್ತಲಾರಳು. ಹೆದರಿಕೆಗೆ ನನಗೂ ಅನ್ನನೀರು ಸೇರಲಿಲ್ಲ. ನಾನೂ ಅದನ್ನು ಮುಟ್ಟಿದ್ದೆನಲ್ಲ!

ಡಾಕ್ಟರಮ್ಮ ಜೀಪಿನಲ್ಲಿ ಬಂದಳು. ಗಂಟಿನ ವಿಷಯ ಹೇಳಿದೆ. ಪುರೆವ್ ಬಾಯಿ ಹಾಕಿದ: "ಅದು ಗುಂಡಿನ ಏಟು, ಬಾತಿತ್ತು ಅಷ್ಟೇ."

"ಬೆರಳಿನ ಗಾಯ ಕೀವಾಗಿದ್ರೂ ಜ್ವರ ಬರುತ್ತೆ," ಎಂದಳು ಆಕೆ. "ಪ್ಲೇಗ್ ಆದ್ರೆ ಔಷಧಿನೇ ಬೇರೆ, ಈಗ್ಲೇ ಶುರು ಮಾಡ್ಬೇಕು. ನಿಜ ಹೇಳಪ್ಪ, ನೀನು ಹತ್ತಿರ ಹೋದಾಗ ಅದು ಏನು ಮಾಡ್ತು?"

ಇವನ ಕಪಾಳಕ್ಕೆ ಬಿಡುವಷ್ಟು ಸಿಟ್ಟು ನನಗೆ.

ಪುರೆವ್ ನೆಲಕ್ಕೆ ಕುಸಿದು ಕೂತ. "ಏನೂ ಮಾಡ್ಲಿಲ್ಲ. ಕಿರುಚಲೂ ಇಲ್ಲ. ನನ್ನ ಕುಣಿತಕ್ಕೇ ಮರುಳಾಯ್ತು ಅಂದ್ಕೊಂಡೆ... ಅದಕ್ಕೆ ಓಡೋಕೇ ಆಗ್ತಿರ್ಲಿಲ್ಲ."

ಡಾಕ್ಟರಮ್ಮ ತಕ್ಷಣ ಸೂಜಿಯ ಪೆಟ್ಟಿಗೆ ತೆರೆದಳು.

ಯಾಂಜ್ಮಾ ಕಣ್ಣು ಬಿಟ್ಟು ಗಂಡನನ್ನು ಹುಡುಕಿದಳು. "ಇಷ್ಟು ಹೇಳೋಕೆ, ನಾನು ಸಾಯೋವರೆಗೂ ಕಾಯ್ತಿದ್ಯೇನೋ?"