ಮೂರನೇ ಕಲ್ಲಿನ ಮೇಲೆ ಖಾಜಾ ಮಾಮಾನ ಅಂಗೈ

ಖಾಜಾ ಮಾಮಾ ಎಂದರೆ ನನಗೆ ಮೊದಲು ಕಾಣುವುದು ಅವನ ಅಂಗೈ. ಹಿಟ್ಟು ಮೆತ್ತಿ ಮೆತ್ತಿ ಬಣ್ಣವೇ ಬದಲಾದ, ಅಗಲವಾದ ಅಂಗೈ. ಗಿರಣಿಯ ತುಂಬ ಜನ. ಒಂದನೇ ಕಲ್ಲು, ಎರಡನೇ ಕಲ್ಲು ಬಿಸಿಯಾಗಿ ಹಿಟ್ಟು ಉಗುಳುತ್ತಿವೆ. ಡಬ್ಬಿಗಳ ಸಾಲು ಬಾಗಿಲು ದಾಟಿದೆ. ಮಾಮಾ ಮಾತ್ರ ಮೂರನೇ ಕಲ್ಲಿನ ಪಕ್ಕದ ಕಟ್ಟೆ ಹತ್ತಿ ಕೂತು, ಜೋಳ ಸುರಿಯುವ ಅದರ ಬಾಯಿಯ ಮೇಲೆ ಅಂಗೈ ಮುಚ್ಚಿಕೊಂಡಿದ್ದಾನೆ.

"ಅದು ಖಾಲಿ ಅದಲ್ಲೋ ಮಾಮಾ?" ಎಂದು ಯಾರಾದರೂ ಕೂಗಿದರೆ ಒಂದೇ ಉತ್ತರ.

"ಬರೋರು ಇನ್ನಾ ಬಂದಿಲ್ಲ."

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಬಿಟ್ಟಿದ್ದಕ್ಕೆ ನಾಚಿಕೆಪಟ್ಟಿಲ್ಲ, ಯಾರ ಮುಂದೆಯೂ ಕೈ ಚಾಚಿಲ್ಲ. ಆಳಂದದಿಂದ ಖಜೂರಿಗೆ ಹೋಗುವ ದಾರಿಯಲ್ಲಿ ನಮ್ಮ ಊರು, ಊರಿಗೊಂದು ಹಿಟ್ಟಿನ ಗಿರಣಿ, ಗಿರಣಿಗೆ ಸಾವಕಾರರು ಶಿವಶರಣಪ್ಪನವರು. ಅಲ್ಲಿ ನಾನು, ಶಾಂತಪ್ಪ, ಕಲ್ಲು ನಡೆಸುವವನು, ಮಾಮಾ ನನ್ನ ಮೇಲಿನವನು. ಮೀಸೆ ಮೂಡುವ ಮುಂಚೆ ಸೇರಿದೆ. ಈಗ ಆ ಮೀಸೆ ಹಿಟ್ಟು ಇಲ್ಲದಿದ್ದರೂ ಬೆಳ್ಳಗೇ ಕಾಣುತ್ತದೆ.

ಜೋಳ ಬೀಸುವುದರಲ್ಲಿ ಏನಿದೆ ಎಂದು ನೋಡುವವರಿಗೆ ಅನಿಸುತ್ತದೆ. ಬೀಸುವುದರಲ್ಲಿ ಏನೂ ಇಲ್ಲ. ಇರುವುದು ಹಂಚುವುದರಲ್ಲಿ. ಮುಂದೆ ಯಾರು ಬರುತ್ತಾರೆ, ಎಷ್ಟು ಜೋಳ ತರುತ್ತಾರೆ ಗೊತ್ತಿಲ್ಲ. ಬಂದ ಡಬ್ಬಿಯನ್ನು ಬಂದಾಗಲೇ ಯಾವುದಾದರೂ ಒಂದು ಕಲ್ಲಿನ ಸಾಲಿಗೆ ಇಡಬೇಕು. ಒಮ್ಮೆ ಇಟ್ಟ ಡಬ್ಬಿಯನ್ನು ಮತ್ತೊಂದು ಸಾಲಿಗೆ ಸರಿಸುವಂತಿಲ್ಲ. ಸರಿಸಿದರೆ ಹೆಂಗಸರು ನಮ್ಮ ಏಳು ತಲೆಮಾರು ಜಾಲಾಡುತ್ತಾರೆ. ಸುರಿದ ಜೋಳವನ್ನಂತೂ ವಾಪಸ್ ತೆಗೆಯುವಂತಿಲ್ಲ. ಇದೆಲ್ಲ ತ್ರೀ ಫೇಸ್ ಕರೆಂಟು ಹೋಗುವುದರೊಳಗೆ ಮುಗಿಯಬೇಕು. ಹೋದರೆ ಮತ್ತೆ ಮರುದಿನ ಬೆಳಿಗ್ಗೆಯೇ.

ಮಾಮಾ ಡಬ್ಬಿಯನ್ನು ಮುಟ್ಟುತ್ತಿರಲಿಲ್ಲ. ಅದನ್ನು ಹೊತ್ತವರ ಕುತ್ತಿಗೆ ಎಷ್ಟು ಬಾಗಿದೆ ಎಂದು ನೋಡುತ್ತಿದ್ದ. "ಒಂದಕ್ಕ." "ಎರಡಕ್ಕ." ಅಷ್ಟೇ ಮಾತು. ಮೂರಕ್ಕೆ ಎನ್ನಬೇಕಾದರೆ ಸಂಜೆಯಾಗಿ ಹೊತ್ತು ಕೆಂಪಾಗಬೇಕು. ಆಗಲೂ ಕರೆಂಟು ಉಳಿದಿದ್ದರೆ ಅಂಗೈ ತೆಗೆದು, "ಬರ್ರಿ, ಸುರೀರಿ" ಎನ್ನುತ್ತಿದ್ದ.

ಇದು ಹುಟ್ಟಿದ ಬಗೆಯನ್ನು ಅವನೇ ಹೇಳಿದ್ದ. ಹರೆಯದಲ್ಲಿ ಅವನೂ ಮೂರು ಸಾಲನ್ನು ಸಮ ಇಡುತ್ತಿದ್ದನಂತೆ. ಮೂರೂ ಕಲ್ಲು ಒಟ್ಟಿಗೆ ಮುಗಿದರೆ ಅದೇ ದೊಡ್ಡಸ್ತಿಕೆ. ಹಾಗೆ ಸಮ ಮಾಡಿ ಕೂತಿದ್ದ ಒಂದು ದಿನ ಲಗ್ನದ ಮನೆಯವರು ಟೆಂಪೋದಲ್ಲಿ ಜೋಳದ ಚೀಲ ತಂದರು. ಮೂರೂ ಸಾಲು ಬಾಗಿಲವರೆಗೆ. ಅವರ ಪಾಳಿ ಬಂದು ಅರ್ಧ ಚೀಲ ಬೀಸುವುದರೊಳಗೆ ಕರೆಂಟು ಹೋಯಿತು. ಬೀಗರು ಬಂದು ಕೂತ ಮನೆಯಲ್ಲಿ ರೊಟ್ಟಿ ಇಲ್ಲ.

"ಹುಡುಗಿ ಅಪ್ಪ ಇಲ್ಲೇ, ಈ ಕಟ್ಟಿ ಮ್ಯಾಲ ತಲಿ ಹಿಡಕೊಂಡು ಕೂತನಲೇ ಶಾಂತ್ಯಾ. ನನಗ ಬೈಲಿಲ್ಲ. ಬೈದಿದ್ರ ಮರೀತಿದ್ನೇನೋ. ಎಲ್ಲಾ ಸಮ ಇದ್ದಲ್ಲಿ ಜಾಗಾ ಇರಂಗಿಲ್ಲ ನೋಡು."

ಅವತ್ತಿನಿಂದ ಮೂರನೇ ಕಲ್ಲಿನ ಮೇಲೆ ಅಂಗೈ.

ಅದಕ್ಕೆ ಅವನು ತಿಂದ ಬೈಗುಳ ಅಷ್ಟಿಷ್ಟಲ್ಲ. ಎಲ್ಲರಿಗಿಂತ ಮುಂದೆ ನಮ್ಮ ಓಣಿಯ ಕಸ್ತೂರಿಬಾಯಿ.

"ಏ ಖಾಜಾಣ್ಣ, ಆ ಕಲ್ಲಿಗೇನು ಬಾಣಂತನ ಮಾಡಾಕತ್ತೀಯೇನು? ಮುಟ್ಟಗೊಡವಲ್ಲಿ!"

"ಹೌದ ಬೇ ಕಸ್ತೂರಿ. ನಿನ್ನ ಡಬ್ಬಿ ಎರಡಕ್ಕ ಇಡು. ಅಲ್ಲೀ ತನಕ ಬಾಯಿ ಬೀಸ್ತಿರು, ಅದಕ್ಕ ಕರೆಂಟ್ ಬೇಕಾಗಂಗಿಲ್ಲ."

ಒಂದು ಹುಣ್ಣಿಮೆಯ ಹಿಂದಿನ ದಿನ ಹೀಗೇ ಜಗಳ ನಡೆದಿತ್ತು. ಗಾಣಗಾಪುರಕ್ಕೆ ನಡೆದು ಹೋಗುವವರಿಗೆ ಊಟ ಹಾಕುವವರು ಇಳಿಹೊತ್ತಿಗೆ ಚೀಲಗಳನ್ನು ತಂದಿಳಿಸಿದರು. ಮಾಮಾ ಅಂಗೈ ತೆಗೆದ, ಅಷ್ಟೇ. ಕರೆಂಟು ಹೋಗುವ ಮುಂಚೆ ಹಿಟ್ಟು ಟೆಂಪೋ ಹತ್ತಿತು. ಕಸ್ತೂರಿಬಾಯಿ ಸೋಲುವವಳೇ?

"ದಿನಾ ಬರ್ತಾವೇನು ಟೆಂಪೋ?"

"ದಿನಾ ಎಲ್ಲಿ ಬರ್ತಾವ ಬೇ," ಎಂದ ಮಾಮಾ ಶಾಂತವಾಗಿ. "ಬಂದಾಗ ಬಂತು ಅಂತ ಗೊತ್ತಾಗ್ತದ, ಅಟ್ಟ."

ಸಾವಕಾರರದು ಬೇರೆ ಸಂಕಟ. "ಕರೆಂಟ್ ಇದ್ದಾಗ ಕಲ್ಲು ನಿಂತ್ರ ನನ್ನ ಎದಿ ನಿಂತಂಗ ಆಗ್ತದೋ ಖಾಜಾ!"

"ನಿಮ್ಮ ಎದಿ ಗಟ್ಟಿ ಅದರಿ ಸಾವಕಾರ್ರ. ನಿಂದ್ರಂಗಿಲ್ಲ."

ಸೋತದ್ದು ಮಾಮಾನ ಎದೆಯೇ. ಹಿಟ್ಟಿನ ದೂಳು ಒಳಗೆ ಹೋಗಿ ಹೋಗಿ ಕೆಮ್ಮು ಕಟ್ಟಿಕೊಂಡಿತು. ನಾಲ್ಕು ಮಾತಿಗೆ ಎರಡು ಸಲ ಉಸಿರು ಎಳೆಯುವಂತಾದಾಗ ಕಟ್ಟೆ ಇಳಿದು ಮನೆ ಸೇರಿದ. ಹೆಂಡತಿ ಮುಂಚೆಯೇ ತೀರಿಕೊಂಡಿದ್ದಳು. ಮಗಳು ಜೇವರ್ಗಿಯಲ್ಲಿದ್ದಳು.

ಸಾವಕಾರರು ನನ್ನನ್ನು ಕರೆದು ಹೇಳಿಬಿಟ್ಟರು. "ಶಾಂತಪ್ಪ, ಇನ್ನ ಮೂರೂ ತುಂಬಬೇಕು. ಖಾಲಿ ಇಡೋದಾದ್ರ ಅಫಜಲಪುರದವ ಒಬ್ಬ ಮೂರನೇ ಕಲ್ಲು ಕೇಳಾಕತ್ಯಾನ, ಕೊಟ್ಟುಬಿಡ್ತೇನಿ."

"ಯುಗಾದಿ ತನಕ ನೋಡ್ರಿ. ಖಾಲಿ ಇಟ್ಟದ್ದು ಯಾಕಂತ ನಿಮಗ ಗೊತ್ತಾಗ್ತದ," ಎಂದೆ. ಹೂಂ ಅಂದರು.

ಹೀಗೆ ಮೂರನೇ ಕಲ್ಲನ್ನು ಉಳಿಸುವ ಭಾರ ನನ್ನ ಮೇಲೆ ಬಿತ್ತು. ಬೆಳಗಿನಿಂದ ಸಂಜೆವರೆಗೆ ಬೈಗುಳ, ಕಿವಿಯಲ್ಲಿ ಕಲ್ಲಿನ ಮೊರೆತ. ಮನೆಗೆ ಹೋದರೂ ಹೆಂಡತಿಯ ಮಾತು ಕೇಳಿಸದು. ಟೆಂಪೋ ಬರಲಿ ಎಂದು ದಾರಿ ನೋಡುತ್ತಿದ್ದೆ. ಖಜೂರಿ ಕಡೆಯ ಲಾರಿಗಳು ದೂಳೆಬ್ಬಿಸಿ ಹೋಗುತ್ತಿದ್ದವು, ಒಂದೂ ನಿಲ್ಲುತ್ತಿರಲಿಲ್ಲ.

ಯುಗಾದಿ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಮಾಮಾನೇ ಬಂದ. ಬಗಲಲ್ಲಿ ಸಣ್ಣ ಡಬ್ಬಿ. ಬಾಗಿಲಲ್ಲೇ ನಿಂತು ಉಸಿರು ಎಳೆದುಕೊಂಡ. ಮೂರನೇ ಕಲ್ಲು ಖಾಲಿ ಇತ್ತು. ಸಾವಕಾರರು ಕುರ್ಚಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದರು.

"ಮಾಮಾ, ತಾ ಇಲ್ಲಿ. ಮೂರಕ್ಕ ಹಾಕ್ತೇನಿ," ಎಂದೆ.

"ಯಾಕಲೇ? ನಾ ಏನು ಲಗ್ನದ ಮನಿಯವನೇನು? ಒಬ್ಬನ ಹೊಟ್ಟಿದು ಇದು. ಎರಡಕ್ಕ ಇಡು."

"ಸಾಲು ಉದ್ದ ಅದ. ನಿನಗ ನಿಂದ್ರಾಕ ಆಗಂಗಿಲ್ಲ."

"ಕೂತಿರ್ತೇನಿ. ಕೂಡೋದು ನನಗ ಕಲಿಸ್ತೀಯೇನು?"

ಕಸ್ತೂರಿಬಾಯಿ ತನ್ನ ಪಾಳಿ ಕೊಡಲು ಹೋದಳು. ಅದನ್ನೂ ಒಲ್ಲೆ ಎಂದ. ಗೋಡೆಗೆ ಒರಗಿ, ಮುಂದಿನ ಡಬ್ಬಿ ಸರಿದಂತೆ ತನ್ನದನ್ನು ಕಾಲಿನಿಂದ ಸರಿಸುತ್ತ ಕೂತ. ಅವನ ಮುಂದೆ ಇನ್ನೊಂದೇ ಡಬ್ಬಿ ಉಳಿದಾಗ, ಹೊತ್ತು ಕೆಂಪಾಗುವ ಮುಂಚೆಯೇ, ಕರೆಂಟು ಹೋಯಿತು. ಕಲ್ಲುಗಳು ನಿಧಾನಕ್ಕೆ ಸುತ್ತಿ ಸುತ್ತಿ ನಿಂತವು. ಟೆಂಪೋ ಬಂದಿರಲಿಲ್ಲ.

"ನೋಡ್ದಿ ಶಾಂತಪ್ಪ?" ಸಾವಕಾರರು ಎದ್ದರು. "ನಿನ್ನ ಮಾಮಾನ ಜ್ವಾಳಾನೇ ಉಳೀತು."

"ಉಳೀತು, ಹೌದ್ರಿ," ಎಂದ ಮಾಮಾ. "ಇವತ್ತ ಬರಲಿಲ್ಲ, ಅಟ್ಟ." ಡಬ್ಬಿ ನನ್ನ ಕಡೆ ಸರಿಸಿದ. ಬಾಗಿಲವರೆಗೆ ಹೋಗಿ ತಿರುಗಿದ. "ಲೇ ಶಾಂತ್ಯಾ, ಮಾರಿ ಸಣ್ಣದು ಮಾಡಬ್ಯಾಡ. ನಾ ಇದ್ದಾಗೂ ಬಾಳ ದಿನ ಹಿಂಗ ಹೋಗ್ಯಾವ. ನಿನಗ ಹೇಳಿಲ್ಲ, ಅಟ್ಟ."

ಅದೇ ಕಡೆಯ ಮಾತು. ಮರುದಿನ ಕರೆಂಟು ಬಂದೊಡನೆ ಅವನ ಜೋಳ ಬೀಸಿ ಮನೆಗೆ ಒಯ್ದೆ. ಬಾಗಿಲಿಗೆ ಕೀಲಿ. ನಸುಕಿನಲ್ಲೇ ಮಗಳು ಬಂದು ಜೀಪಿನಲ್ಲಿ ಜೇವರ್ಗಿಗೆ ಕರೆದೊಯ್ದಳೆಂದು ಬಾಜೂ ಮನೆಯವರು ಹೇಳಿದರು. ಜೋಳದ ಹಿಟ್ಟು ಇಟ್ಟರೆ ಕಹಿಯಾಗುತ್ತದೆ. ನಮ್ಮ ಮನೆಯಲ್ಲೇ ರೊಟ್ಟಿಯಾಯಿತು. ಒಂದು ದಿನ ಬಿಡುವು ಮಾಡಿಕೊಂಡು ಹೋಗಿ ಖಾಲಿ ಡಬ್ಬಿ ಕೊಟ್ಟು ಬರೋಣ ಎಂದುಕೊಂಡೆ. ಬಿಡುವು ಸಿಗುವ ಮುಂಚೆ ಅವನು ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋಗಿ ಬಂದೆ.

ಯುಗಾದಿಯಾದ ಮೇಲೆ ಅಫಜಲಪುರದವನು ಬಂದು ಬೋಲ್ಟು ಬಿಚ್ಚಿ ಮೂರನೇ ಕಲ್ಲನ್ನು ಒಯ್ದ. ನೆಲದ ಮೇಲೆ ಎಣ್ಣೆಯ ಕಲೆ ಉಳಿದಿದೆ. ಸಾವಕಾರರನ್ನು ದೂರುವುದಿಲ್ಲ. ನಿಂತ ಕಲ್ಲನ್ನು ದಿನಾ ನೋಡುವುದು ಅವರಿಗೂ ಕಷ್ಟವೇ.

ಈಗ ಇರುವುದು ಎರಡೇ ಕಲ್ಲು. ಒಂದನೆಯದರ ಸಾಲು ಬಾಗಿಲು ದಾಟುತ್ತದೆ, ಎರಡನೆಯದರದು ಗಿಡ್ಡ, ಬೇಗ ಮುಗಿಯುತ್ತದೆ.

"ಏ ಶಾಂತಪ್ಪ, ಎರಡಕ್ಕ ಯಾಕ ಇಡವಲ್ಲಿ? ನಿನಗೂ ಖಾಜಾಣ್ಣನ ರೋಗ ಹತ್ತಿತೇನು?" ಎಂದು ಕಸ್ತೂರಿಬಾಯಿ ಕೂಗುತ್ತಾಳೆ.

ಕಲ್ಲಿನ ಸದ್ದನ್ನು ಮೀರಿ ಕೂಗಿ ಹೇಳುವ ಶಕ್ತಿ ನನಗೆ ಈಗ ಇಲ್ಲ. ಕಟ್ಟೆ ಹತ್ತಿ ಕೂತು ಎರಡನೇ ಕಲ್ಲಿನ ಬಾಯಿಯ ಮೇಲೆ ಅಂಗೈ ಇಡುತ್ತೇನೆ.